ಬಂಡೆ ಮೇಲಿನ ಜರೀಗಿಡ ಮತ್ತು ನಮ್ಮ ಮನೆಯ ಎಂಟರಲ್ಲೊಂದು

ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ಊರಿಗೆ ಹೋಗಿದ್ದೆ. ನಮ್ಮೂರು ಹನುಮನಹಳ್ಳಿ. ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ. ಆನೆಗುಂದಿಯ ಪಕ್ಕದಲ್ಲೇ ಇದೆ, ಹೊಳೆ ದಾಟಿದರೆ ಹಂಪಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಬಂದವರು ನಮ್ಮೂರನ್ನು ನೋಡಿಯೇ ಇರುತ್ತೀರಿ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಯಾರೋ ರಾಶಿ ಹಾಕಿ ಮರೆತು ಹೋದಂಥ ಬಂಡೆಗಳು. ಬೇಸಿಗೆಯಲ್ಲಿ ಆ ಬಂಡೆ ಮೇಲೆ ಬರಿಗಾಲಿಟ್ಟರೆ ಅಂಗಾಲು ಚುರುಕ್ ಅನ್ನುತ್ತೆ. ಎರಡು ಮಳೆ ಬಿದ್ದವೋ, ಸಂದಿಯೊಳಗಿಂದ ಬೀಸಣಿಕೆಯಂಥ ಪುಟ್ಟ ಪುಟ್ಟ ಎಲೆಗಳು ಬಿಚ್ಚಿಕೊಳ್ಳುತ್ತವೆ. ಗಿಡಮೂಲಿಕೆ ಗೊತ್ತಿದ್ದವರು ಇದನ್ನು ಮಯೂರಶಿಖೆ ಅಂತಾರೆ. ಆಕ್ಟಿನಿಯೋಪ್ಟೆರಿಸ್ ಅನ್ನುವ ಜರೀಗಿಡ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಆದರೂ ಪ್ರತಿ ಮಳೆಗಾಲ ಹಾಜರ್!

ಅಕ್ಕನ ಮಗಳು ಗಂಗಾವತಿಯಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಸಸ್ಯಶಾಸ್ತ್ರ ಒಂದು ವಿಷಯ. ನಾನು ಬಂದಿದ್ದೀನಿ ಅಂತ ಅವಳೂ ಬಂದಿದ್ದಳು. ಕಟ್ಟೆ ಮೇಲೆ ಕೂತು ರೆಕಾರ್ಡ್ ಪುಸ್ತಕದಲ್ಲಿ ಹೃದಯದ ಆಕಾರದ ಚಿತ್ರವೊಂದಕ್ಕೆ ಪೆನ್ಸಿಲ್‌ನಲ್ಲಿ ಚುಕ್ಕಿ ಇಡುತ್ತಿದ್ದಳು. ಜರೀಗಿಡದ ಪ್ರೋಥ್ಯಾಲಸ್. ಇದ್ದಕ್ಕಿದ್ದಂತೆ ಕೇಳಿದಳು:

"ಮಾಮಾ, ಇದರಾಗ ಅಂಡನೂ ಐತಿ, ವೀರ್ಯಾಣುನೂ ಐತಿ. ಹಂಗಂದ್ರ ಇದಕ್ಕ ಅವ್ವ-ಅಪ್ಪ ಇಬ್ರೂ ಒಂದೇನು?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಒಂದು ಕ್ಷಣ ನಿಂತಿತು. ಯಾಕೆ ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಬರಹ ನಿಮಗೆ ಬರೀ ಸಸ್ಯಶಾಸ್ತ್ರದ ಪಾಠ ಅನ್ನಿಸುತ್ತೆ.

ನಮ್ಮಪ್ಪ ನಮ್ಮವ್ವನಿಗೆ ಸೋದರಮಾವ. ನಮ್ಮ ಕಡೆ ಇದು ವಿಶೇಷವೇನಲ್ಲ. ಅಕ್ಕನ ಮಗಳು ಅಂದರೆ ತಮ್ಮನಿಗೆ ಹಕ್ಕು ಅಂತಲೇ ಮಾತು. ನಾವು ನಾಲ್ಕು ಮಕ್ಕಳು: ಅಕ್ಕ, ನಾನು, ತಂಗಿ, ತಮ್ಮ. ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವಳಿಗೆ ಎರಡು ವರ್ಷವಿದ್ದಾಗ ಅವ್ವ ಅವಳನ್ನು ಎತ್ತಿಕೊಂಡು ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದಳು. ಅಲ್ಲಿದ್ದವರು ಚೀಟಿಯಿಂದ ತಲೆ ಎತ್ತದೆ, "ಸಂಬಂಧದಾಗ ಮದುವಿ ಆಗೀರಿ, ಇನ್ನ ಅನುಭವಿಸ್ರಿ" ಅಂದರಂತೆ. ಮೂವತ್ತು ವರ್ಷವಾಯಿತು. ಅವ್ವ ಆ ಮಾತನ್ನು ಯಾರ ಮುಂದೂ ಹೇಳಿರಲಿಲ್ಲ, ನನಗೆ ಹೇಳಿದ್ದೇ ಹೋದ ವರ್ಷ. ಈಗ ಅಕ್ಕ ತನ್ನ ಮಗಳನ್ನು, ಅಂದರೆ ಈ ರೆಕಾರ್ಡ್ ಪುಸ್ತಕದ ಹುಡುಗಿಯನ್ನೇ, ನಮ್ಮ ತಮ್ಮನಿಗೆ ಕೊಡುವ ಮಾತೆತ್ತಿದ್ದಾಳೆ. ಅವ್ವನಿಗೆ ಹೂಂ ಅನ್ನಲೂ ಭಯ, ಊಹೂಂ ಅನ್ನಲೂ ಭಯ.

ಹುಡುಗಿಯ ಪ್ರಶ್ನೆಗೆ ಆ ಹೊತ್ತು ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಹುಡುಕಿ ಓದುತ್ತಾ ಹೋದೆ. ಒಂದು ಗಿಡ ಎಷ್ಟರ ಮಟ್ಟಿಗೆ ತನಗೆ ತಾನೇ ತಂದೆತಾಯಿ ಅಂತ ಲೆಕ್ಕ ಹಾಕುವುದು ಹೇಗೆ? ಇದಕ್ಕೊಂದು ಒಳ್ಳೆಯ ಚರಿತ್ರೆಯೇ ಇದೆ. ನನಗೆ ಅರ್ಥವಾದಷ್ಟನ್ನು ಇಲ್ಲಿ ಇಡುತ್ತಿದ್ದೇನೆ.

ಕಾಣದ ಬೀಜ

ಜರೀಗಿಡಕ್ಕೆ ಹೂವಿಲ್ಲದ್ದು ಯುರೋಪಿನವರಿಗೆ ಶತಮಾನಗಳ ಕಾಲ ತಲೆನೋವಾಗಿತ್ತು. ಬೀಜ ಇರಲೇಬೇಕು, ಕಾಣುವುದಿಲ್ಲ ಅಂದರೆ ಅದು ಅದೃಶ್ಯ ಬೀಜ, ಅದು ಸಿಕ್ಕವನು ತಾನೂ ಅದೃಶ್ಯನಾಗುತ್ತಾನೆ ಅಂತ ಹಳ್ಳಿಗರು ನಂಬಿದ್ದರು. ನಮ್ಮ ಕಡೆಯ ಅಂಜನದ ಕಥೆಗಳ ಹಾಗೆ :)

ಎಲೆಯ ಹಿಂಭಾಗದ ಕಂದು ಪುಡಿಯನ್ನು ಬಿತ್ತಿ, ಅದು ಮೊಳೆಯುವುದನ್ನು ನೋಡಿ ಬರೆದವರಲ್ಲಿ ಜಾನ್ ಲಿಂಡ್ಸೆ ಒಬ್ಬ. ಜಮೈಕಾದಲ್ಲಿದ್ದ ಶಸ್ತ್ರವೈದ್ಯ. ಅವನ ಬರಹ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ 1794ರಲ್ಲಿ ಬಂತು. ಪುಡಿಯಿಂದ ನೇರವಾಗಿ ಜರೀಗಿಡ ಬರಲಿಲ್ಲ. ಮೊದಲು ಹಸಿರು ಪೊರೆಯಂಥ ಏನೋ ಹರಡಿತು, ಆಮೇಲೆ ಅದರಿಂದ ಗಿಡ ಎದ್ದಿತು. ಆ ಪೊರೆಯೇ ಪ್ರೋಥ್ಯಾಲಸ್. ಹೆಚ್ಚೆಂದರೆ ನಮ್ಮ ಕಿರುಬೆರಳಿನ ಉಗುರಿನಷ್ಟು.

1844ರಲ್ಲಿ ನೇಗೆಲಿ ಎಂಬ ಸ್ವಿಸ್ ವಿಜ್ಞಾನಿ ಆ ಪೊರೆಯ ಮೇಲೆ ಸುರುಳಿ ಸುತ್ತಿ ಈಜುವ ವೀರ್ಯಾಣುಗಳನ್ನು ಕಂಡ. 1848ರಲ್ಲಿ ಪೋಲೆಂಡಿನ ಲೆಶ್ಚಿಚ್-ಸುಮಿನ್ಸ್ಕಿ ಅದೇ ಪೊರೆಯ ಮೇಲೆ ಅಂಡದ ಪುಟ್ಟ ಕೊಳವೆಗಳನ್ನೂ ಕಂಡು, ಗಂಡು-ಹೆಣ್ಣು ಕೂಡುವುದು ಇಲ್ಲೇ ಅಂತ ತೋರಿಸಿದ. 1851ರಲ್ಲಿ ಹಾಫ್‌ಮೈಸ್ಟರ್ ಇಡೀ ಚಿತ್ರವನ್ನು ಜೋಡಿಸಿಟ್ಟ. ಅವನು ಯಾವ ಪ್ರೊಫೆಸರೂ ಆಗಿರಲಿಲ್ಲ. ಲೈಪ್‌ಝಿಗ್‌ನಲ್ಲಿ ಅಪ್ಪನ ಪುಸ್ತಕ-ಸಂಗೀತದ ವ್ಯಾಪಾರ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಿದ್ದ 27 ವರ್ಷದ ಹುಡುಗ. ಕೆಲಸ ಮುಗಿಸಿ ರಾತ್ರಿ ಬ್ಲಾಗ್ ಬರೆಯುವ ನಮ್ಮಂಥವರಿಗೆ ಇಷ್ಟವಾಗುವ ಮನುಷ್ಯ.

ಅವನು ಹೇಳಿದ್ದು ಇಷ್ಟು: ಜರೀಗಿಡಕ್ಕೆ ಎರಡು ಬಾಳು. ನಾವು ನೋಡುವ ಎಲೆಗಿಡ ಒಂದು, ಮಣ್ಣಿಗಂಟಿದ ಪೊರೆ ಇನ್ನೊಂದು. ಗಿಡ ಬೀಜಕಣ ಉದುರಿಸುತ್ತೆ, ಬೀಜಕಣ ಪೊರೆಯಾಗುತ್ತೆ, ಪೊರೆಯ ಮೇಲೆ ನೀರಿನ ಹನಿಯಲ್ಲಿ ವೀರ್ಯಾಣು ಈಜಿ ಅಂಡ ಸೇರುತ್ತೆ, ಮತ್ತೆ ಗಿಡ. ಮಳೆ ಬೀಳುವ ತನಕ ನಮ್ಮ ಬಂಡೆಯ ಜರೀಗಿಡ ಯಾಕೆ ಕಾಯುತ್ತೆ ಅಂತ ನನಗೆ ಆಗ ಹೊಳೆಯಿತು.

ಮೂರು ದಾರಿ

ಈಗ ಹುಡುಗಿಯ ಪ್ರಶ್ನೆ. ನಮ್ಮ ಹಾಗೆ ಎಲೆಗಿಡದಲ್ಲೂ ಪ್ರತಿ ವಂಶವಾಹಿಯ ಎರಡು ಪ್ರತಿ ಇರುತ್ತವೆ, ತಂದೆಯದೊಂದು, ತಾಯಿಯದೊಂದು. ಎರಡೂ ಒಂದೇ ಥರ ಇದ್ದರೆ ಸಮ ಜೋಡಿ ಅನ್ನೋಣ, ಬೇರೆ ಬೇರೆ ಇದ್ದರೆ ಮಿಶ್ರ ಜೋಡಿ. ಬೀಜಕಣಕ್ಕೆ ಒಂದೇ ಪ್ರತಿ ಹೋಗುತ್ತೆ. ಅದರಿಂದ ಬೆಳೆದ ಪೊರೆಯ ಎಲ್ಲ ಜೀವಕೋಶದಲ್ಲೂ ಅದೇ ಒಂದು ಪ್ರತಿ. ಹಾಗಾಗಿ ಆ ಪೊರೆಯ ಅಂಡವೂ ಅದೇ, ವೀರ್ಯಾಣುವೂ ಅದೇ.

ಆದ್ದರಿಂದ ಮೂರು ದಾರಿ. ಒಂದು, ಬೇರೆ ಬೇರೆ ಗಿಡಗಳಿಂದ ಬಂದ ಎರಡು ಪೊರೆ ಕೂಡುವುದು. ಎರಡು, ಒಂದೇ ಗಿಡದ ಎರಡು ಬೀಜಕಣಗಳಿಂದ ಬಂದ ಎರಡು ಪೊರೆ ಕೂಡುವುದು. ಮೂರು, ಒಂದೇ ಪೊರೆಯ ವೀರ್ಯಾಣು ಅದೇ ಪೊರೆಯ ಅಂಡವನ್ನು ಸೇರುವುದು. ಈ ಮೂರನೆಯದರಲ್ಲಿ ಹುಟ್ಟಿದ ಗಿಡಕ್ಕೆ ಎಲ್ಲ ವಂಶವಾಹಿಗಳೂ ಸಮ ಜೋಡಿ. ಒಂದೂ ಬಿಡದೆ.

ನಮ್ಮ ಗದ್ದೆಯ ಭತ್ತದ ಜೊತೆ ಹೋಲಿಸಿ ನೋಡಿ. ಭತ್ತವೂ ಬಹುತೇಕ ತನ್ನ ಪರಾಗವನ್ನೇ ತಾನು ಬಳಸುವ ಬೆಳೆ. ಆದರೆ ಅಲ್ಲಿ ನಡೆಯುವುದು ಎರಡನೆಯ ದಾರಿಯಂಥದು. ಮಿಶ್ರ ಜೋಡಿಗಳು ಒಂದೊಂದು ತಲೆಮಾರಿಗೂ ಅರ್ಧರ್ಧ ಕಡಿಮೆಯಾಗುತ್ತವೆ. ನೂರು ಇದ್ದದ್ದು ಐವತ್ತು, ಇಪ್ಪತ್ತೈದು, ಹನ್ನೆರಡೂವರೆ... ಹೊಸ ತಳಿ ಮಾಡುವವರು ಆರೇಳು ತಲೆಮಾರು ಕಾಯುವುದು ಇದಕ್ಕೇ. ಭತ್ತ ಆರೇಳು ತಲೆಮಾರು ನಡೆದು ಹತ್ತಿರ ಬರುವ ಜಾಗಕ್ಕೆ ಜರೀಗಿಡ ಒಂದೇ ಹೆಜ್ಜೆಯಲ್ಲಿ ಹೋಗಿ ನಿಲ್ಲಬಲ್ಲದು.

ಇದರಿಂದ ಗಿಡಕ್ಕೆ ಲಾಭವೂ ಇದೆ. 1883ರಲ್ಲಿ ಕ್ರಕಟೋವ ದ್ವೀಪ ಜ್ವಾಲಾಮುಖಿಗೆ ಸುಟ್ಟು ಬೋಳಾಯಿತು. ಮೂರು ವರ್ಷದ ಮೇಲೆ ಟ್ರೂಬ್ ಎಂಬ ಸಸ್ಯವಿಜ್ಞಾನಿ ಅಲ್ಲಿಗೆ ಹೋದಾಗ 11 ಬಗೆಯ ಜರೀಗಿಡಗಳು ಆಗಲೇ ನೆಲೆಯೂರಿದ್ದವು. ಗಾಳಿಯಲ್ಲಿ ತೇಲಿ ಬಂದ ಒಂದೇ ಒಂದು ಬೀಜಕಣಕ್ಕೂ ಸಂಸಾರ ಹೂಡುವ ಶಕ್ತಿ ಇರಬಹುದು. ನಮ್ಮೂರಿನ ಒಂದೊಂದು ಬಂಡೆಯೂ ಜರೀಗಿಡದ ಮಟ್ಟಿಗೆ ಒಂದೊಂದು ದ್ವೀಪವೇ ಅಲ್ಲವೇ?

ಡಾರ್ವಿನ್ ಮನೆಯ ಚಿಂತೆ

ಒಳಸಂಬಂಧವನ್ನು ಅಳೆಯಬೇಕು ಅನ್ನುವ ಹಟ ಶುರುವಾದದ್ದು ಮಾತ್ರ ಜರೀಗಿಡದಿಂದಲ್ಲ, ಮನುಷ್ಯರ ಮನೆಯೊಳಗಿನ ಚಿಂತೆಯಿಂದ.

ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಮದುವೆಯಾದದ್ದು ಎಮ್ಮಾ ವೆಜ್‌ವುಡ್‌ಳನ್ನು. ಆಕೆ ಅವನ ಸೋದರಮಾವನ ಮಗಳು. ಹತ್ತು ಮಕ್ಕಳಲ್ಲಿ ಮೂರು ಚಿಕ್ಕಂದಿನಲ್ಲೇ ತೀರಿಕೊಂಡವು. ಹತ್ತು ವರ್ಷದ ಆನಿ 1851ರಲ್ಲಿ ಹೋದದ್ದು ಅವನಿಗೆ ಕೊನೆವರೆಗೂ ಮಾಯದ ಗಾಯ. ತಮ್ಮ ಮದುವೆಯೇ ಕಾರಣವೋ ಏನೋ ಎಂಬ ಅನುಮಾನ ಅವನನ್ನು ಬಿಡಲಿಲ್ಲ. 1871ರ ಜನಗಣತಿಯಲ್ಲಿ "ನೀವು ಸೋದರಸಂಬಂಧದಲ್ಲಿ ಮದುವೆಯಾಗಿದ್ದೀರಾ?" ಅಂತ ಒಂದು ಪ್ರಶ್ನೆ ಸೇರಿಸಿ ಎಂದು ಗೆಳೆಯ ಜಾನ್ ಲಬಕ್ ಮೂಲಕ ಸಂಸತ್ತನ್ನು ಕೇಳಿಸಿದ. ಸಂಸತ್ತು ಒಪ್ಪಲಿಲ್ಲ. ಅವನು ಗಿಡಗಳ ಕಡೆ ತಿರುಗಿ ವರ್ಷಗಟ್ಟಲೆ ಸ್ವಂತ ಪರಾಗದ ಗಿಡ, ಪರರ ಪರಾಗದ ಗಿಡ ಎರಡನ್ನೂ ಅಕ್ಕಪಕ್ಕ ಬೆಳೆಸಿ, 1876ರಲ್ಲಿ ದೊಡ್ಡ ಪುಸ್ತಕ ತಂದ. ಹೆಚ್ಚಿನ ಜಾತಿಗಳಲ್ಲಿ ಪರರ ಪರಾಗದ ಗಿಡಗಳೇ ಎತ್ತರ, ಗಟ್ಟಿ.

ಮಗ ಜಾರ್ಜ್ ಡಾರ್ವಿನ್ ಗಣಿತದವನು. ಸರಕಾರ ಕೇಳದಿದ್ದರೇನಂತೆ ಅಂತ, ಪತ್ರಿಕೆಯ ಮದುವೆ ಪ್ರಕಟಣೆಗಳಲ್ಲಿ ಗಂಡು-ಹೆಣ್ಣಿನ ಮನೆತನದ ಹೆಸರು ಒಂದೇ ಇರುವವನ್ನು ಎಣಿಸಿ, ಅದರಿಂದ ಸೋದರಸಂಬಂಧದ ಮದುವೆ ಎಷ್ಟಿರಬಹುದು ಅಂತ 1875ರಲ್ಲಿ ಅಂದಾಜು ಕಟ್ಟಿದ. ಕಣ್ಣಿಗೆ ಕಾಣದ ಸಂಬಂಧವನ್ನು ಕಾಣುವ ಗುರುತಿನಿಂದ ಅಂದಾಜು ಮಾಡುವ ಉಪಾಯ ಇದು. ನೂರು ವರ್ಷದ ಮೇಲೆ ಜರೀಗಿಡದವರು ಮಾಡಿದ್ದೂ ಇದನ್ನೇ, ಮನೆತನದ ಹೆಸರಿನ ಬದಲು ಕಿಣ್ವಗಳನ್ನು ಇಟ್ಟುಕೊಂಡು.

ಅಳತೆಗೋಲು ಕೊಟ್ಟವನು ಅಮೆರಿಕದ ಸ್ಯೂಯಲ್ ರೈಟ್. ಕೃಷಿ ಇಲಾಖೆಯ ನೌಕರ. ಅಲ್ಲಿ 1906ರಿಂದ ಗಿನಿಪಿಗ್‌ಗಳಲ್ಲಿ ಅಣ್ಣ-ತಂಗಿಯನ್ನೇ ಕೂಡಿಸುತ್ತಾ ಬಂದ ವಂಶಗಳಿದ್ದವು. ಕೆಲವು ವಂಶ ಕ್ಷೀಣಿಸಿ ಅಳಿದವು, ಕೆಲವು ತಲೆಮಾರುಗಟ್ಟಲೆ ಉಳಿದವು. ಅವನ್ನು ನೋಡುತ್ತಾ 1922ರಲ್ಲಿ ರೈಟ್ ಒಳಸಂಬಂಧದ ಗುಣಾಂಕವನ್ನು ಬರೆದಿಟ್ಟ. ಹೆಸರು 'ಎಫ್'. ಫ್ರಾನ್ಸಿನ ಮಾಲೆಕೊ 1948ರಲ್ಲಿ ಅದಕ್ಕೆ ಸುಲಭದ ಅರ್ಥ ಕೊಟ್ಟ: ಒಬ್ಬರೊಳಗಿನ ಎರಡೂ ಪ್ರತಿಗಳು ಹಿಂದಿನ ಒಂದೇ ಪೂರ್ವಜರ ಒಂದೇ ಪ್ರತಿಯಿಂದ ಇಳಿದು ಬಂದಿರುವ ಸಂಭವ ಎಷ್ಟು? ಅಷ್ಟೇ ಎಫ್.

ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಅವರ ಮಗುವಿಗೆ ಹದಿನಾರರಲ್ಲೊಂದು. ಸೋದರಮಾವನನ್ನು ಮದುವೆಯಾದರೆ ಎಂಟರಲ್ಲೊಂದು. ಭತ್ತದಂತೆ ಸ್ವಂತ ಪರಾಗವಾದರೆ ಒಂದು ತಲೆಮಾರಿಗೆ ಅರ್ಧ. ಒಂದೇ ಪೊರೆಯ ಜರೀಗಿಡಕ್ಕೆ ಪೂರ್ತಿ ಒಂದು.

ಎಂಟರಲ್ಲೊಂದು ನಾನು. ನನ್ನ ಒಡಹುಟ್ಟಿದವರೂ ಅಷ್ಟೇ. ಇನ್ನೊಂದು ಸಂಗತಿ ಓದಿ ನಕ್ಕೆ. ಈ ಎಫ್ ಕಂಡುಹಿಡಿದ ಸ್ಯೂಯಲ್ ರೈಟ್‌ನ ಅಪ್ಪ-ಅಮ್ಮನೂ ಸೋದರಸಂಬಂಧಿಗಳೇ! ಅವನದು ಹದಿನಾರರಲ್ಲೊಂದು.

ನಮ್ಮ ರಾಜ್ಯದಲ್ಲಿ ಇದನ್ನು ದೊಡ್ಡದಾಗಿ ಎಣಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅಲನ್ ಬಿಟಲ್ಸ್ ಮತ್ತು ಜೊತೆಗಾರರು 1980ರಿಂದ 1989ರವರೆಗೆ ನವಜಾತ ಶಿಶುಗಳ ತಪಾಸಣೆಯ ಜೊತೆಗೇ ತಂದೆತಾಯಿಯ ಸಂಬಂಧವನ್ನೂ ಕೇಳಿ ಬರೆದುಕೊಂಡರು. ಲಕ್ಷಕ್ಕೂ ಹೆಚ್ಚು ಮದುವೆಗಳ ವಿವರ. ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗೆ ಆಗಿತ್ತು. ಹಿಂದೂಗಳಲ್ಲಿ ಸೋದರಮಾವನ ಮದುವೆಯೇ ಬಹಳ. ಅವ್ವ ಒಬ್ಬಳೇ ಮಾಡಿದ ತಪ್ಪಲ್ಲ ಇದು ಅಂತ ಹೇಳಲು ಇದೊಂದೇ ಸಾಕಿತ್ತು ನನಗೆ.

1260ರ ಒಗಟು

ಮತ್ತೆ ಜರೀಗಿಡಕ್ಕೆ ಬರೋಣ. 1950ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಐರೀನ್ ಮ್ಯಾಂಟನ್ ಜರೀಗಿಡಗಳ ವರ್ಣತಂತುಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಜರೀಗಿಡಗಳಲ್ಲಿ ವರ್ಣತಂತುಗಳ ಸಂಖ್ಯೆ ವಿಪರೀತ ಅಂತ ಅದರಿಂದ ಎಲ್ಲರಿಗೂ ಗೊತ್ತಾಯಿತು. 1954ರಲ್ಲಿ ತಿರುವನಂತಪುರದ ಎ. ಅಬ್ರಹಾಂ ಮತ್ತು ಸಿ. ಎ. ನೈನಾನ್ ಅದನ್ನೂ ಮೀರಿಸಿದ ಸುದ್ದಿ ಕೊಟ್ಟರು. ಒಫಿಯೋಗ್ಲಾಸಂ ರೆಟಿಕ್ಯುಲೇಟಂ ಅನ್ನುವ, ಮಳೆಗಾಲದಲ್ಲಿ ನೆಲದಿಂದ ಒಂದೇ ಎಲೆ ಎತ್ತುವ ಪುಟ್ಟ ಜರೀಗಿಡದ ಒಂದೊಂದು ಜೀವಕೋಶದಲ್ಲೂ ಸುಮಾರು 1260 ವರ್ಣತಂತುಗಳು! ನಮ್ಮಲ್ಲಿರುವುದು 46. ಆ ಪುಟ್ಟ ಲೇಖನ ಅಚ್ಚಾದದ್ದು ನಮ್ಮ ಬೆಂಗಳೂರಿನಿಂದಲೇ ಬರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಸಸ್ಯಲೋಕದಲ್ಲಿ ಅತಿ ಹೆಚ್ಚು ವರ್ಣತಂತುಗಳ ದಾಖಲೆ ಇವತ್ತಿಗೂ ಈ ಜಾತಿಯದೇ.

ಇಷ್ಟೊಂದು ಯಾಕೆ? 1966ರಲ್ಲಿ ಅಮೆರಿಕದ ಕ್ಲೆಕೌಸ್ಕಿ ಮತ್ತು ಬೇಕರ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಚೆಂದದ ಉತ್ತರ ಕೊಟ್ಟರು. ಗಂಡು-ಹೆಣ್ಣು ಎರಡೂ ಒಂದೇ ಪೊರೆಯ ಮೇಲೆ ಇರುವಾಗ, ಸ್ವಂತ ನಿಶೇಚನವೇ ಇವುಗಳ ದಿನನಿತ್ಯದ ಬಾಳಾಗಿರಬೇಕು. ಹಾಗಾದರೆ ವೈವಿಧ್ಯವೆಲ್ಲ ಒಂದೇ ತಲೆಮಾರಿನಲ್ಲಿ ಖಾಲಿ. ಅದನ್ನು ಉಳಿಸಿಕೊಳ್ಳಲು ಜರೀಗಿಡಗಳು ವರ್ಣತಂತುಗಳ ಕಂತೆಗಳನ್ನೇ ದುಪ್ಪಟ್ಟು, ಮೂರುಪಟ್ಟು ಮಾಡಿಕೊಂಡು, ಕಂತೆ ಕಂತೆಗಳ ನಡುವೆ ವ್ಯತ್ಯಾಸವನ್ನು ಬಚ್ಚಿಟ್ಟುಕೊಂಡಿವೆ. ಎಷ್ಟು ಅಚ್ಚುಕಟ್ಟಾದ ವಾದ! ಇಪ್ಪತ್ತು ವರ್ಷ ಪಠ್ಯಪುಸ್ತಕಗಳಲ್ಲಿ ಮೆರೆಯಿತು.

ಆದರೆ ಬಯಲಿಗೆ ಹೋಗಿ ಎಣಿಸಿದವರು ಯಾರು? ಸ್ವಂತ ನಿಶೇಚನ ಆಗಬಹುದು ಅನ್ನುವುದು ಬೇರೆ, ಆಗುತ್ತಿದೆ ಅನ್ನುವುದು ಬೇರೆ. ಕ್ಲೆಕೌಸ್ಕಿಯೇ ಒಂದು ಪರೀಕ್ಷೆ ನಡೆಸಿದ್ದರು. ಒಂದೊಂದೇ ಪೊರೆಯನ್ನು ಬೇರೆ ಬೇರೆ ತಟ್ಟೆಯಲ್ಲಿ ಒಂಟಿಯಾಗಿ ಬೆಳೆಸಿ, ಸ್ವಂತದಲ್ಲೇ ಗಿಡ ಕೊಡುತ್ತದೋ ನೋಡುವುದು. ಆಸ್ಮಂಡ ಎಂಬ ಜರೀಗಿಡದ ಮೇಲೆ 1970ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಒಂಟಿ ಪೊರೆಗಳಲ್ಲಿ ಎಷ್ಟೋ ಸರಿಯಾದ ಗಿಡ ಕೊಡಲಾರದೆ ಹೋದವು. ಮಿಶ್ರ ಜೋಡಿಯಲ್ಲಿದ್ದಾಗ ಅಡಗಿಕೊಂಡಿದ್ದ ಕೆಟ್ಟ ಪ್ರತಿಗಳು ಸಮ ಜೋಡಿಯಾದಾಗ ಹೊರಬಂದಿದ್ದವು. ನಿತ್ಯವೂ ಸ್ವಂತದಲ್ಲೇ ಬಾಳುವ ಗಿಡದಲ್ಲಿ ಇಂಥ ಪ್ರತಿಗಳು ಎಂದೋ ತೊಳೆದು ಹೋಗಿರಬೇಕಿತ್ತು. 1950ರಲ್ಲೇ ಜರ್ಮನಿಯ ಡ್ಯೋಪ್ ಇನ್ನೊಂದು ಸುಳಿವು ಕೊಟ್ಟಿದ್ದರು. ಬಲಿತ ಪೊರೆಗಳು ಸ್ರವಿಸುವ ಒಂದು ರಸ ಅಕ್ಕಪಕ್ಕದ ಎಳೆಯ ಪೊರೆಗಳನ್ನು ಗಂಡಾಗಿಸುತ್ತದೆ. ಬರೀ ಸ್ವಂತದಲ್ಲೇ ಮುಗಿಯುವುದಾದರೆ ನೆರೆಯವರನ್ನು ಗಂಡು ಮಾಡಿ ಏನು ಲಾಭ?

ಎಣಿಸುವ ವಿಧಾನ

1980ರ ದಶಕದಲ್ಲಿ ಎಣಿಸುವ ಉಪಕರಣ ಜರೀಗಿಡದವರ ಕೈಗೂ ಬಂತು. ಹೆಸರು ಎಲೆಕ್ಟ್ರೋಫೊರೆಸಿಸ್. ಎಲೆಯ ಚೂರು ಅರೆದು, ಪಿಷ್ಟದ ಗಟ್ಟಿ ಗಂಜಿಯ ಮೇಲಿಟ್ಟು ವಿದ್ಯುತ್ ಹರಿಸಿದರೆ ಕಿಣ್ವಗಳು ಅವುಗಳ ವಿದ್ಯುದಂಶ, ಗಾತ್ರಕ್ಕೆ ತಕ್ಕ ಹಾಗೆ ಓಡುತ್ತವೆ. ಬಣ್ಣ ಹಾಕಿದರೆ ಪಟ್ಟೆ ಕಾಣುತ್ತೆ. ಸಮ ಜೋಡಿಯ ಗಿಡಕ್ಕೆ ಒಂದು ಥರದ ಪಟ್ಟೆ, ಮಿಶ್ರ ಜೋಡಿಗೆ ಎರಡರ ಪಟ್ಟೆಯೂ.

ಲೆಕ್ಕ ಸುಲಭ. ಒಂದು ಕಾಡಿನಲ್ಲಿ 100 ಗಿಡ ತಂದಿರಿ ಅಂದುಕೊಳ್ಳಿ. ಒಂದು ಕಿಣ್ವದ ಎರಡು ರೂಪಗಳು ಸಮಸಮ ಇವೆ. ಎಲ್ಲರೂ ಎಲ್ಲರ ಜೊತೆ ಮನಬಂದಂತೆ ಕೂಡುತ್ತಿದ್ದರೆ 50 ಗಿಡ ಮಿಶ್ರ ಜೋಡಿ ಇರಬೇಕು. ನಿಮಗೆ ಸಿಕ್ಕಿದ್ದು ಬರೀ 5. ಐವತ್ತರಲ್ಲಿ ನಲವತ್ತೈದು ಕಾಣೆ. ನಲವತ್ತೈದನ್ನು ಐವತ್ತರಿಂದ ಭಾಗಿಸಿದರೆ 0.9. ಅದೇ ಎಫ್.

ಇಲ್ಲಿಂದ ಸ್ವಂತ ನಿಶೇಚನದ ಪ್ರಮಾಣಕ್ಕೆ ಹೋಗುವುದರಲ್ಲೇ ಜರೀಗಿಡದ ವಿಶೇಷ ಇದೆ. ಒಂದೇ ಪೊರೆಯಲ್ಲಿ ಹುಟ್ಟಿದ ಗಿಡದ ಎಫ್ ಒಂದು, ಹೊರಗಿನ ಸಂಬಂಧದಲ್ಲಿ ಹುಟ್ಟಿದ್ದರ ಎಫ್ ಸೊನ್ನೆ. ಆದ್ದರಿಂದ 0.9 ಬಂದರೆ ನೂರಕ್ಕೆ ತೊಂಬತ್ತು ಗಿಡಗಳು ಸ್ವಂತದಲ್ಲಿ ಹುಟ್ಟಿದವು ಅಂತ ನೇರ ಓದಬಹುದು. ಭತ್ತದಂಥ ಗಿಡದಲ್ಲಿ ಹೀಗಲ್ಲ. ಅಲ್ಲಿ ನಷ್ಟ ಅರ್ಧರ್ಧವಾಗಿ ಆಗುವುದರಿಂದ, ಎಫ್ 0.5 ಬಂದರೆ ಸ್ವಂತ ಪರಾಗದ ಪಾಲು ಅರ್ಧವಲ್ಲ, ಮೂರರಲ್ಲಿ ಎರಡು. ಒಂದೇ ಸಂಖ್ಯೆಯ ಹಿಂದೆ ಎರಡು ಬೇರೆ ಬದುಕು. ಜರೀಗಿಡದಲ್ಲಿ ಎರಡು ಬಗೆಯ ಸ್ವಂತ ನಿಶೇಚನವೂ ಬೆರೆತಿರಬಹುದಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನವನ್ನು ಕೆಂಟ್ ಹೋಲ್ಸಿಂಗರ್ 1987ರಲ್ಲಿ ಕಟ್ಟಿಕೊಟ್ಟರು.

1985ರಲ್ಲಿ ಮಕಾಲಿ, ವಿಟಿಯರ್ ಮತ್ತು ರೈಲಿ ಬಾಟ್ರಿಕಿಯಂ ಡಿಸೆಕ್ಟಂ ಎಂಬ ಜರೀಗಿಡವನ್ನು ಎಣಿಸಿದರು. ಇದು ನಮ್ಮ 1260ರ ಒಫಿಯೋಗ್ಲಾಸಂನ ದಾಯಾದಿ. ಇದರ ಪೊರೆ ಮಣ್ಣಿನಡಿ ಕತ್ತಲಲ್ಲಿ ಬೆಳೆಯುತ್ತೆ, ಪಕ್ಕದ ಪೊರೆಗೆ ಈಜಿ ಹೋಗುವುದು ಕಷ್ಟ. ಮಿಶ್ರ ಜೋಡಿಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಬಹುತೇಕ ಎಲ್ಲ ಗಿಡಗಳೂ ಸ್ವಂತದಲ್ಲಿ ಹುಟ್ಟಿದವು. ಮರುವರ್ಷ ಪಮೇಲಾ ಮತ್ತು ಡಗ್ಲಸ್ ಸೋಲ್ಟಿಸ್ ದಂಪತಿ ಅದರ ಇನ್ನೊಂದು ದಾಯಾದಿಯಲ್ಲೂ ಒಳಸಂಬಂಧವನ್ನೇ ಕಂಡರು. ಸರಿ, ಕ್ಲೆಕೌಸ್ಕಿ-ಬೇಕರ್ ಗೆದ್ದರು ಅಂದುಕೊಳ್ಳುವಷ್ಟರಲ್ಲಿ ನೆಲದ ಮೇಲೆ ಪೊರೆ ಹರಡುವ ಸಾಮಾನ್ಯ ಜರೀಗಿಡಗಳ ಲೆಕ್ಕ ಬರತೊಡಗಿತು. ಪಾಲಿಸ್ಟಿಕಂ ಮುಂತಾದವುಗಳಲ್ಲಿ ಎಫ್ ಸೊನ್ನೆಯ ಹತ್ತಿರ. 1992ರಲ್ಲಿ ಸೋಲ್ಟಿಸ್ ದಂಪತಿ ಲೆಕ್ಕ ಸಿಕ್ಕ ಜಾತಿಗಳನ್ನು ಒಟ್ಟಿಗಿಟ್ಟು ನೋಡಿದಾಗ ಹೆಚ್ಚಿನವು ಹೊರಸಂಬಂಧದವು, ಕೆಲವು ಪೂರ್ತಿ ಒಳಸಂಬಂಧದವು, ನಡುವೆ ಇರುವುದು ಬೆರಳೆಣಿಕೆ. ಅಷ್ಟರಲ್ಲೇ, 1986ರಲ್ಲಿ, ಹಾಫ್ಲರ್ ಮತ್ತು ಸೋಲ್ಟಿಸ್ ಇನ್ನೊಂದು ಪೆಟ್ಟು ಕೊಟ್ಟಿದ್ದರು. ವರ್ಣತಂತು ಎಷ್ಟೇ ಇದ್ದರೂ ಬಹಳಷ್ಟು ಜರೀಗಿಡಗಳ ಕಿಣ್ವಗಳು ಸಾದಾ ಎರಡು ಪ್ರತಿಯ ಗಿಡದಂತೆಯೇ ನಡೆದುಕೊಳ್ಳುತ್ತವೆ. ಬಚ್ಚಿಟ್ಟ ವ್ಯತ್ಯಾಸ ಎಲ್ಲೂ ಇರಲಿಲ್ಲ.

ರಚನೆ ನೋಡಿ ನಡತೆಯನ್ನು ಊಹಿಸಿದ್ದರು. ಎಣಿಸಿದ ಮೇಲೆ ಗೊತ್ತಾಯಿತು, ಮನೆಯೊಳಗೇ ಎಲ್ಲ ಸೌಕರ್ಯ ಇದ್ದರೂ ಹೆಚ್ಚಿನ ಜರೀಗಿಡಗಳು ಹೊರಗೇ ಸಂಬಂಧ ಹುಡುಕುತ್ತವೆ. ಒಂಟಿಯಾದಾಗ ಮಾತ್ರ ಒಳದಾರಿ.

ಬಂಡೆ ಬಂಡೆಗಳ ಮೋಸ

ಎಣಿಕೆಯಲ್ಲೂ ಎಡವಬಹುದು. ನಮ್ಮೂರಿನ ಎರಡು ಬಂಡೆ ತಗೊಳ್ಳಿ. ಒಂದರ ಮೇಲೆ ಎಲ್ಲ ಗಿಡವೂ ಒಂದು ರೂಪದವು, ಇನ್ನೊಂದರ ಮೇಲೆ ಎಲ್ಲವೂ ಇನ್ನೊಂದು ರೂಪದವು. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಎಣಿಸಿದರೆ ಮಿಶ್ರ ಜೋಡಿ ಸೊನ್ನೆ, ಎಫ್ ಒಂದು! ಆ ಗಿಡಗಳು ಪಾಪ ತಮ್ಮ ತಮ್ಮ ಬಂಡೆಯಲ್ಲಿ ನೆರೆಹೊರೆಯವರ ಜೊತೆ ಕೂಡಿಯೇ ಹುಟ್ಟಿರಬಹುದು. ಸ್ವೀಡನ್ನಿನ ವಾಲುಂಡ್ 1928ರಲ್ಲೇ ಈ ಮೋಸವನ್ನು ತೋರಿಸಿದ್ದ. ಒಣಬಂಡೆಯ ಜರೀಗಿಡಗಳಲ್ಲಿ ಇನ್ನೊಂದು ತೊಡಕು. 1874ರಲ್ಲಿ ಫಾರ್ಲೋ ಕಂಡಂತೆ, ಕೆಲವು ಜಾತಿಗಳ ಪೊರೆ ನಿಶೇಚನವೇ ಇಲ್ಲದೆ ಗಿಡ ಹುಟ್ಟಿಸುತ್ತದೆ. ಒಣಜಾಗದವುಗಳಲ್ಲಿ ಇದು ಸಾಕಷ್ಟಿದೆ. ಅಲ್ಲಿ ಈ ಲೆಕ್ಕ ನಡೆಯುವುದೇ ಇಲ್ಲ.

ಬಂಡೆಯ ಮಾತು ನಮಗೂ ಹೊಂದುತ್ತೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಜನಗುಂಪುಗಳನ್ನು ನೋಡಿತು. ಕೆಲವೇ ಪೂರ್ವಜರಿಂದ ಬೆಳೆದು, ಶತಮಾನಗಳಿಂದ ತಮ್ಮೊಳಗೇ ಮದುವೆಯಾಗುತ್ತಾ ಬಂದ ಗುರುತು 81 ಗುಂಪುಗಳಲ್ಲಿ ಬಹಳ ಗಾಢವಾಗಿತ್ತು. ಅಂದರೆ "ನಾವು ಸಂಬಂಧದಾಗ ಕೊಡಂಗಿಲ್ರಿ" ಅನ್ನುವವರೂ ತಮ್ಮದೇ ಜಾತಿಯ ಬಂಡೆ ಮೇಲೇ ಇದ್ದಾರೆ, ಅಷ್ಟೇ.

ಕಟ್ಟೆ ಮೇಲಿನ ಲೆಕ್ಕ

ಇಷ್ಟೆಲ್ಲ ಓದಿಕೊಂಡು ದೀಪಾವಳಿಗೆ ಮತ್ತೆ ಊರಿಗೆ ಹೋದೆ. ಹುಡುಗಿಯ ಜೊತೆ ಅದೇ ಕಟ್ಟೆ ಮೇಲೆ ಕೂತು ನಮ್ಮ ಮನೆಯ ಲೆಕ್ಕ ಮಾಡಿದೆವು. ಅಕ್ಕನ ಗಂಡ ಹೊರಗಿನ ಮನೆತನದವರು. ಅಕ್ಕ-ತಮ್ಮ ಇಬ್ಬರೂ ಸೋದರಮಾವನ ಮದುವೆಯ ಮಕ್ಕಳಾದ್ದರಿಂದ ಅವರ ನಂಟು ಸಾಮಾನ್ಯ ಒಡಹುಟ್ಟಿದವರಿಗಿಂತ ಗಟ್ಟಿ. ಹಾಗಾಗಿ ಈ ಮದುವೆಯ ಮಗುವಿನ ಎಫ್ ಎಂಟರಲ್ಲೊಂದು ಅಲ್ಲ, ಮೂವತ್ತೆರಡರಲ್ಲಿ ಐದು. ಶೇಕಡಾ ಹದಿನೈದೂವರೆ ದಾಟುತ್ತೆ.

ಆದರೆ ಎಫ್‌ಗೆ ತಂಗಿಯ ಕಿವಿಯ ಸುದ್ದಿ ಗೊತ್ತಿಲ್ಲ. ಅದನ್ನು ಬೇರೆ ಲೆಕ್ಕ ಮಾಡಬೇಕು. ಅವಳ ಕಿವುಡು, ಎರಡೂ ಕೆಟ್ಟ ಪ್ರತಿ ಸೇರಿದಾಗ ಬರುವ ಬಗೆಯದಾದರೆ, ಕಿವಿ ಕೇಳುವ ತಮ್ಮನಲ್ಲಿ ಒಂದು ಕೆಟ್ಟ ಪ್ರತಿ ಇರುವ ಸಂಭವ ಮೂರರಲ್ಲೆರಡು. ಅಕ್ಕನಲ್ಲೂ ಅಷ್ಟೇ, ಆದ್ದರಿಂದ ಅವಳ ಮಗಳಲ್ಲಿ ಮೂರರಲ್ಲೊಂದು. ಇಬ್ಬರಲ್ಲೂ ಇದ್ದರೆ ಮಗುವಿಗೆ ನಾಲ್ಕರಲ್ಲೊಂದು. ಗುಣಿಸಿದರೆ ಹದಿನೆಂಟರಲ್ಲಿ ಒಂದು. ಪೆನ್ಸಿಲ್ ಹಿಡಿದು ಗುಣಿಸಿದ್ದು ಹುಡುಗಿಯೇ. ಆಮೇಲೆ ಮೆಲ್ಲಗೆ, "ಮಾಮಾ, ನನ್ನ ಯಾರೂ ಕೇಳಿಲ್ಲ. ನಾ ಇನ್ನೂ ಓದಬೇಕು" ಅಂದಳು.

ಅದನ್ನು ಅಕ್ಕನಿಗೆ ಹೇಳಿದ್ದೇ ನಾನು ಮಾಡಿದ ದೊಡ್ಡ ಕೆಲಸ. ಲೆಕ್ಕವನ್ನೂ ಹೇಳಿದೆ. ಅಕ್ಕ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಹೋಗ್ಲಿ ಬಿಡು, ಓದ್ಲಿ" ಅಂದಳು. ತಂಗಿಯ ರಕ್ತ ಪರೀಕ್ಷೆ ಮಾಡಿಸುವುದು ಅಂತಲೂ ಆಗಿದೆ. ಕಿವುಡಿಗೆ ಕಾರಣವಾಗುವ ಜಿಜೆಬಿ2 ಎಂಬ ವಂಶವಾಹಿಯ ಒಂದು ದೋಷ ಭಾರತದಲ್ಲಿ ಆಗಾಗ ಸಿಗುತ್ತದೆ. ಅದೋ ಅಲ್ಲವೋ ಗೊತ್ತಾದರೆ ತಮ್ಮ ಯಾರನ್ನು ಮದುವೆಯಾದರೂ ಉಪಯೋಗಕ್ಕೆ ಬರುತ್ತೆ.

ಅವ್ವನಿಗೆ ಹೇಳುವುದು ಬಾಕಿ ಇತ್ತು. ರಾತ್ರಿ ಊಟವಾದ ಮೇಲೆ ಹೇಳಿದೆ: ಅವ್ವಾ, ಸಂಬಂಧದಾಗ ಮದುವಿ ಆದ್ರ ಅಪಾಯ ಹೆಚ್ಚು, ಅದು ಖರೆ. ಆದ್ರ ನಾವು ನಾಲ್ಕು ಮಂದಿಗೂ ಅದೇ ಲೆಕ್ಕ, ಮೂರು ಮಂದಿಗೆ ಕಿವಿ ಕೇಳತಾವ. ಹೊರಗಿನವರನ್ನ ಮದುವಿ ಆದವರಿಗೂ ನೂರಕ್ಕ ಎರಡೋ ಮೂರೋ ಮಕ್ಕಳು ತೊಂದರಿ ಇಟ್ಕೊಂಡ ಹುಟ್ಟತಾವ. ಆ ಲೆಕ್ಕ ಮುಂದಿನ ಮದುವಿಗೆ, ಹಿಂದ ಆಗಿದ್ದಕ್ಕ ಶಿಕ್ಷಾ ಕೊಡಾಕ ಅಲ್ಲ. ಆವತ್ತು ಆ ಮನಷ್ಯಾ ಚೀಟಿ ನೋಡಿಕೋತ ಅಂದದ್ದು ತಪ್ಪು.

ಅವ್ವ ಸುಮ್ಮನೆ ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಬಂಡಿ ಮ್ಯಾಲಿನ ಗಿಡಕ್ಕ ಯಾರರೆ ಹಿಂಗ ಅಂದಾರೇನು?" ಅಂತ ಕೇಳಿ ನಕ್ಕಳು. ತಂಗಿ ಅವಳ ಮುಖ ನೋಡಿ, ಯಾಕೆ ನಗುತ್ತಿದ್ದಾಳೆ ಅಂತ ಕೈಸನ್ನೆಯಲ್ಲಿ ನನ್ನನ್ನು ಕೇಳಿದಳು. ಅವಳಿಗೂ ಎಲ್ಲ ಹೇಳಿದೆ, ಅರ್ಧ ಗಂಟೆ ಹಿಡಿಯಿತು.

ನಿಮ್ಮ ಮನೆಗಳಲ್ಲೂ ಇಂಥ ಮಾತು ನಡೆದಿರಬಹುದು. ನಡೆದಿದ್ದರೆ ಹೇಗೆ ಬಗೆಹರಿಸಿಕೊಂಡಿರಿ ಅಂತ ಬರೆಯಿರಿ, ಓದುತ್ತೇನೆ. ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ. ಮತ್ತೆ ನಮ್ಮೂರ ಕಡೆ ಮಳೆಗಾಲದಲ್ಲಿ ಬಂದರೆ ಮೆಟ್ಟಿಲು ಹತ್ತುವ ಅವಸರದಲ್ಲಿ ಬಂಡೆಯ ಸಂದಿಗಳನ್ನು ಮರೆಯಬೇಡಿ.